ಟ್ಯಾಂಕ್ ತುಂಬಿಸಿದ ದಿನವೇ ಸ್ಟಾರ್ಟ್ ಆಗದ ಕಾರು

ಶಿವಮೊಗ್ಗದ ನನ್ನ ಗ್ಯಾರೇಜಿಗೆ ನಿವೃತ್ತ ಮೇಷ್ಟ್ರೊಬ್ಬರ ಬಿಎಸ್6 (ಭಾರತ್ ಸ್ಟೇಜ್ 6 ಹೊಗೆ ನಿಯಮದ) ಪೆಟ್ರೋಲ್ ಕಾರು ಬಂದಾಗ ಅದಕ್ಕೆ ಆಗಲೇ ಎರಡು ಕಡೆ ರಿಪೇರಿಯಾಗಿತ್ತು. ಪ್ಲಗ್‌ಗಳು ಹೊಸವು, ಥ್ರಾಟಲ್ ಬಾಡಿ ತೊಳೆದದ್ದು, ಆಕ್ಸಿಜನ್ ಸೆನ್ಸರ್ ಕೂಡ ಬದಲಾಗಿತ್ತು. ಆದರೂ ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸಿ ಹೊರಡುವಾಗ ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ಹತ್ತುತ್ತಿರಲಿಲ್ಲ. ಹತ್ತಿದ ಮೇಲೆ ಐಡ್ಲಿಂಗ್‌ನಲ್ಲಿ ಅದುರುತ್ತಿತ್ತು, ಐದಾರು ಕಿಲೋಮೀಟರ್ ಓಡಿದ ಮೇಲೆ ಏನೂ ಆಗಿಲ್ಲವೆಂಬಂತೆ ಸರಿಯಾಗುತ್ತಿತ್ತು. ಸ್ಕ್ಯಾನರ್ ಹಾಕಿದಾಗ ಸಿಕ್ಕಿದ್ದು ಒಂದೇ ಕೋಡ್: ಪಿ0172, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ ಎಂಬ ಸೂಚನೆ.

ಪೆಟ್ರೋಲ್ ಹೆಚ್ಚಾಗಿದೆ ಎಂದ ಕೂಡಲೇ ನನ್ನ ಗಮನ ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕಡೆಗೆ ಹೋಯಿತು. ನಾಲ್ಕನ್ನೂ ಬಿಚ್ಚಿ, ಸೋರಿಕೆ ನೋಡಿ, ಸ್ವಚ್ಛಗೊಳಿಸಿ ಮತ್ತೆ ಕೂರಿಸುವಷ್ಟರಲ್ಲಿ ಒಂದು ದಿನ ಕಳೆಯಿತು. ಒಂದರಲ್ಲೂ ದೋಷ ಸಿಗಲಿಲ್ಲ. ಮೇಷ್ಟ್ರು ಮೊದಲ ದಿನವೇ ಹೇಳಿದ್ದ ಒಂದು ಮಾತಿಗೆ ನಾನು ಕಿವಿಗೊಟ್ಟಿದ್ದರೆ ಆ ದಿನ ಉಳಿಯುತ್ತಿತ್ತು. "ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದ್ರೆ ಹತ್ತುತ್ತೆ ಕಣಪ್ಪಾ" ಎಂದಿದ್ದರು ಅವರು. ಪೆಡಲ್ ಪೂರ್ತಿ ಒತ್ತಿದಾಗ ಥ್ರಾಟಲ್ ತೆರೆದು ಗಾಳಿ ಹೆಚ್ಚು ಬರುತ್ತದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು, ಸೆಲ್ಫ್ ಹೊಡೆಯುವ ಆ ಹೊತ್ತಿನಲ್ಲಿ ಇಂಜೆಕ್ಟರ್‌ಗಳನ್ನು ನಿಲ್ಲಿಸುತ್ತದೆ. ಹಾಗಿದ್ದೂ ಎಂಜಿನ್ ಹತ್ತುತ್ತದೆ ಎಂದರೆ, ಇಂಜೆಕ್ಟರ್‌ನ ಲೆಕ್ಕಕ್ಕೆ ಸಿಗದ ಪೆಟ್ರೋಲ್ ಬೇರೆ ಯಾವುದೋ ದಾರಿಯಿಂದ ಒಳಗೆ ಬಂದು ಕೂತಿರಬಹುದು ಎಂಬ ಅನುಮಾನ ಆಗಲೇ ಬರಬೇಕಿತ್ತು.

ಆ ದಾರಿ ಯಾವುದೆಂದು ತಿಳಿಯಲು ಆವಿ ಹಿಡಿಯುವ ವ್ಯವಸ್ಥೆಯನ್ನು ನೋಡಬೇಕು. ಟ್ಯಾಂಕ್‌ನಲ್ಲಿ ಏಳುವ ಪೆಟ್ರೋಲ್ ಆವಿಯನ್ನು ಹೊರಗೆ ಬಿಡದೆ, ಸಕ್ರಿಯ ಇದ್ದಿಲು ತುಂಬಿದ ಕ್ಯಾನಿಸ್ಟರ್ ಎಂಬ ಡಬ್ಬಿಯಲ್ಲಿ ಹಿಡಿದಿಡಲಾಗುತ್ತದೆ. ಎಂಜಿನ್ ಬಿಸಿಯಾಗಿ ಹದಕ್ಕೆ ಬಂದ ಮೇಲೆ ಇಸಿಯು ಪರ್ಜ್ ವಾಲ್ವ್ ಎಂಬ ಚಿಕ್ಕ ವಿದ್ಯುತ್ ಕವಾಟವನ್ನು ಬಿಟ್ಟುಬಿಟ್ಟು ತೆರೆಯುತ್ತದೆ. ಎಂಜಿನ್‌ಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್‌ನ ನಿರ್ವಾತ ಆ ಆವಿಯನ್ನು ಸೆಳೆದುಕೊಳ್ಳುತ್ತದೆ, ಅದು ಎಂಜಿನ್‌ನಲ್ಲೇ ಉರಿದುಹೋಗುತ್ತದೆ. ಡಬ್ಬಿಯ ಇನ್ನೊಂದು ಬಾಯಿ ಹೊರಗಾಳಿಗೆ ತೆರೆದಿರುತ್ತದೆ. ಕರೆಂಟ್ ಇಲ್ಲದಿರುವಾಗ ಪರ್ಜ್ ವಾಲ್ವ್ ಮುಚ್ಚಿರಲೇಬೇಕು. ಮೇಷ್ಟ್ರ ಕಾರಿನಲ್ಲಿ ಅದು ಮುಚ್ಚುತ್ತಿರಲಿಲ್ಲ.

ಅದರ ಸುಳಿವು ಕೊಟ್ಟಿದ್ದು ಫ್ಯೂಯಲ್ ಟ್ರಿಮ್, ಅಂದರೆ ಮಿಶ್ರಣ ಸರಿದೂಗಿಸಲು ಇಸಿಯು ಪೆಟ್ರೋಲ್‌ನಲ್ಲಿ ಮಾಡುವ ಏರಿಳಿತದ ಲೆಕ್ಕ. ಐಡ್ಲಿಂಗ್‌ನಲ್ಲಿ ಇಸಿಯು ಪೆಟ್ರೋಲ್ ಅನ್ನು ಶೇಕಡ 22ರಷ್ಟು ಕಡಿತ ಮಾಡುತ್ತಿತ್ತು. 2500 ಆರ್‌ಪಿಎಂಗೆ ಏರಿಸಿದಾಗ ಕಡಿತ ಶೇಕಡ 5ಕ್ಕೆ ಇಳಿಯುತ್ತಿತ್ತು. ಐಡ್ಲಿಂಗ್‌ನಲ್ಲಿ ನಿರ್ವಾತ ಜೋರು, ಎಂಜಿನ್ ಎಳೆದುಕೊಳ್ಳುವ ಗಾಳಿ ಕಡಿಮೆ. ಆದ್ದರಿಂದ ತೆರೆದ ವಾಲ್ವ್‌ನಿಂದ ನುಗ್ಗುವ ಆವಿಯ ಪಾಲು ಆಗ ದೊಡ್ಡದಾಗಿರುತ್ತದೆ. ಇಂಜೆಕ್ಟರ್ ಸೋರಿದರೂ ಹೆಚ್ಚುಕಡಿಮೆ ಇದೇ ಚಿತ್ರ ಬರುತ್ತದೆ ಎಂಬುದು ನಿಜ, ಹಾಗಾಗಿ ಇಷ್ಟರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ಕ್ಯಾನಿಸ್ಟರ್‌ನಿಂದ ವಾಲ್ವ್‌ಗೆ ಬರುವ ಹೋಸ್ ಅನ್ನು ಕ್ಲಾಂಪ್‌ನಿಂದ ಒತ್ತಿ ಹಿಡಿದೆ. ಒಂದು ನಿಮಿಷದೊಳಗೆ ಶಾರ್ಟ್ ಟರ್ಮ್ ಟ್ರಿಮ್ (ಆ ಕ್ಷಣದ ಟ್ರಿಮ್) ಸೊನ್ನೆಯ ಕಡೆಗೆ ಏರತೊಡಗಿತು, ಎಂಜಿನ್‌ನ ಅದುರು ನಿಂತಿತು. ಮರುದಿನ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ, ಆ ಹೋಸ್ ಕಳಚಿ ವಾಲ್ವ್‌ನ ಬಾಯಿಗೆ ಹೆಬ್ಬೆರಳಿಟ್ಟೆ. ಸ್ಕ್ಯಾನರ್ ಪರದೆಯ ಮೇಲೆ ಪರ್ಜ್ ಶೇಕಡ 0 ಎಂದಿತ್ತು, ಅಂದರೆ ಇಸಿಯು ವಾಲ್ವ್ ತೆರೆಯಲು ಹೇಳಿರಲಿಲ್ಲ. ಬೆರಳನ್ನು ಮಾತ್ರ ವಾಲ್ವ್ ಗಟ್ಟಿಯಾಗಿ ಹೀರಿ ಹಿಡಿದಿತ್ತು.

ಇಲ್ಲಿ ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು, ಏಕೆಂದರೆ ಅನುಭವಿ ಮೆಕ್ಯಾನಿಕ್‌ಗಳೂ ಇಲ್ಲಿ ದಾರಿ ತಪ್ಪುವುದನ್ನು ನೋಡಿದ್ದೇನೆ. ತೆರೆದೇ ಉಳಿದ ಪರ್ಜ್ ವಾಲ್ವ್ ಯಾವಾಗಲೂ ಪೆಟ್ರೋಲ್ ಹೆಚ್ಚಿದ ಲಕ್ಷಣವನ್ನೇ ತೋರಿಸುತ್ತದೆ ಎಂದುಕೊಳ್ಳಬಾರದು. ಬಿಸಿಲಿನ ಮಧ್ಯಾಹ್ನ ಟ್ಯಾಂಕ್ ತುಂಬಿಸಿದಾಗ ಡಬ್ಬಿಯಲ್ಲಿ ಆವಿ ತುಂಬಿರುತ್ತದೆ, ಆಗ ಪಿ0172 ಬರುತ್ತದೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದು, ಡಬ್ಬಿ ಖಾಲಿಯಾಗಿ, ಬೆಳಗಿನ ತಂಪಿನಲ್ಲಿ ಅದೇ ಕಾರನ್ನು ಸ್ಟಾರ್ಟ್ ಮಾಡಿದರೆ ಅದೇ ವಾಲ್ವ್‌ನಿಂದ ಬರೀ ಗಾಳಿ ನುಗ್ಗುತ್ತದೆ. ಆಗ ಮಿಶ್ರಣ ತೆಳುವಾಗಿ ಪಿ0171 ಬರಬಹುದು. ಒಬ್ಬ ಮೆಕ್ಯಾನಿಕ್ ಇಂಜೆಕ್ಟರ್ ಬಿಚ್ಚುತ್ತಾನೆ, ಇನ್ನೊಬ್ಬ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬದಲಿಸುತ್ತಾನೆ, ದೋಷವಿರುವ ಭಾಗ ಇಬ್ಬರ ಕೈಗೂ ಸಿಗುವುದಿಲ್ಲ. ಪರ್ಜ್ ವಾಲ್ವ್‌ನದೇ ಕೋಡ್ ಬಂದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಪಿ0443, ಪಿ0444ರಂತಹ ಕೋಡ್‌ಗಳು ವೈರಿಂಗ್ ಮತ್ತು ಕಾಯಿಲ್‌ಗೆ ಸಂಬಂಧಿಸಿದವು. ನಾನು ಮಲ್ಟಿಮೀಟರ್ ಹಿಡಿದಾಗ ಕಾಯಿಲ್ 26 ಓಮ್ ತೋರಿಸಿತು, ಕನೆಕ್ಟರ್‌ನಲ್ಲಿ ಬ್ಯಾಟರಿಯ ವೋಲ್ಟೇಜ್ ಸರಿಯಾಗಿಯೇ ಬರುತ್ತಿತ್ತು. ವಿದ್ಯುತ್ ಸರಿಯಿದ್ದು ಕವಾಟದ ಬಾಯಿ ಮುಚ್ಚದಿದ್ದರೆ ಇಸಿಯುಗೆ ಅದು ನೇರವಾಗಿ ತಿಳಿಯುವುದೇ ಇಲ್ಲ.

ಹೊಸ ವಾಲ್ವ್ ಹಾಕಿ ಕಾರು ಕಳುಹಿಸಿದೆ. ಎರಡು ತಿಂಗಳಿಗೆ ಮೇಷ್ಟ್ರು ಅದೇ ದೂರಿನೊಂದಿಗೆ ಮತ್ತೆ ಬಂದರು.

ಈ ಬಾರಿ ವಾಲ್ವ್ ಬಿಚ್ಚಿ, ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಅದರ ಬಾಯಿ ಕೆಳಗೆ ಮಾಡಿ ಮೆಲ್ಲನೆ ತಟ್ಟಿದೆ. ಸಾಸಿವೆಗಿಂತ ಸಣ್ಣ ಕಪ್ಪು ಹರಳುಗಳು ಹತ್ತಿಪ್ಪತ್ತು ಉದುರಿದವು. ಬೆರಳಿನಲ್ಲಿ ಉಜ್ಜಿದರೆ ಮಸಿಯಂತೆ ಹತ್ತಿಕೊಂಡವು. ಅದು ಕ್ಯಾನಿಸ್ಟರ್‌ನ ಇದ್ದಿಲು. ಡಬ್ಬಿಯೊಳಗಿನ ಫಿಲ್ಟರ್ ಹರಿದು, ಪುಡಿಯಾದ ಇದ್ದಿಲು ಹೋಸ್‌ನಲ್ಲಿ ಸಾಗಿ ಬಂದು ಕವಾಟದ ಸೀಟಿನ ಮೇಲೆ ಕೂತಿತ್ತು. ಆ ಹರಿದ ಡಬ್ಬಿ ಅಲ್ಲಿರುವ ತನಕ ಎಷ್ಟು ಹೊಸ ವಾಲ್ವ್ ಹಾಕಿದರೂ ಗತಿ ಇಷ್ಟೇ. ಮೊದಲ ಸಲವೇ ಹಳೆಯ ವಾಲ್ವ್ ಅನ್ನು ತಟ್ಟಿ ನೋಡಿದ್ದರೆ ಅವರ ಎರಡು ತಿಂಗಳ ಪಾಡು ತಪ್ಪುತ್ತಿತ್ತು ಎಂಬ ನೋವು ನನಗಿದೆ.

ಇದ್ದಿಲು ತಾನಾಗಿ ಹೀಗೆ ಪುಡಿಯಾಗುವುದು ಅಪರೂಪ. ಆವಿಯನ್ನು ಹೀರಲು ಇರುವ ಡಬ್ಬಿಗೆ ದ್ರವ ಪೆಟ್ರೋಲ್ ಹರಿದಾಗ ಅದು ನೆನೆದು ಕೆಡುತ್ತದೆ. ಹಾಗಾಗಿ ಕೇಳಿದೆ, "ಮೇಷ್ಟ್ರೇ, ಟ್ಯಾಂಕ್ ಫುಲ್ ಮಾಡಿಸುವಾಗ ಆಟೋ ಕಟ್ ಆಗಿ ನಾಝಲ್ ತಾನಾಗಿ ನಿಂತ ಮೇಲೂ ಹಾಕಿಸ್ತೀರಾ?" "ಹಾಕಿಸ್ತೀನಿ. ಚಿಲ್ಲರೆ ತಾಪತ್ರಯ ಬೇಡ ಅಂತ ರೌಂಡ್ ಫಿಗರ್ ಮಾಡು ಅಂತೀನಿ. ಆ ಹುಡುಗ ಕಾರು ಅಲ್ಲಾಡಿಸಿ ಅಲ್ಲಾಡಿಸಿ ಕುತ್ತಿಗೆ ಮಟ್ಟ ತುಂಬಿಸ್ತಾನೆ" ಎಂದರು. ಅವರ ಉತ್ತರದಲ್ಲಿ ತಪ್ಪಿನ ಭಾವವಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅದು ತಪ್ಪೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಬಂಕ್‌ಗಳಲ್ಲಿ ನಿತ್ಯವೂ ನಡೆಯುವುದು ಇದೇ.

ನಾಝಲ್ ತಾನಾಗಿ ನಿಂತ ಮೇಲೂ ಟ್ಯಾಂಕ್‌ನಲ್ಲಿ ಒಂದಿಷ್ಟು ಜಾಗ ಖಾಲಿ ಉಳಿದಿರುತ್ತದೆ, ಅದನ್ನು ಬೇಕೆಂದೇ ಬಿಟ್ಟಿರುತ್ತಾರೆ. ನೆಲದಡಿಯ ಟ್ಯಾಂಕ್‌ನಿಂದ ತಣ್ಣಗೆ ಬಂದ ಪೆಟ್ರೋಲ್ ಕಾರಿನಲ್ಲಿ ಬಿಸಿಯಾಗಿ ಹಿಗ್ಗುತ್ತದೆ: 40 ಲೀಟರ್ ಪೆಟ್ರೋಲ್ 10 ಡಿಗ್ರಿ ಬಿಸಿಯೇರಿದರೆ ಸುಮಾರು 400 ಮಿಲಿಲೀಟರ್‌ನಷ್ಟು ಹೆಚ್ಚಾಗುತ್ತದೆ. ಆ ಜಾಗವನ್ನೂ ತುಂಬಿಸಿ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿದರೆ, ಹಿಗ್ಗಿದ ಪೆಟ್ರೋಲ್‌ಗೆ ಆವಿಯ ಪೈಪ್ ಹಿಡಿದು ಕ್ಯಾನಿಸ್ಟರ್ ಕಡೆಗೆ ಹೋಗದೆ ಬೇರೆ ದಾರಿಯಿಲ್ಲ. ಮೇಷ್ಟ್ರ ಕಾರಿನ ಕ್ಯಾನಿಸ್ಟರ್ ಕಳಚಿ ಕೈಯಲ್ಲಿ ಹಿಡಿದಾಗ ಅದರ ತೂಕದಲ್ಲೇ ವ್ಯತ್ಯಾಸ ತಿಳಿಯಿತು. ಓರೆ ಮಾಡಿದಾಗ ಒಳಗಿನಿಂದ ಪೆಟ್ರೋಲ್ ತೊಟ್ಟಿಕ್ಕಿತು. ಕ್ಯಾನಿಸ್ಟರ್ ಮತ್ತು ವಾಲ್ವ್ ಎರಡನ್ನೂ ಬದಲಿಸಿ, ನಡುವಿನ ಹೋಸ್‌ಗಳನ್ನು ಕಳಚಿ ಪುಡಿ ಉಳಿಯದಂತೆ ಗಾಳಿ ಹೊಡೆದು, ಮತ್ತೆ ಜೋಡಿಸಿದೆ.

ಇದಕ್ಕೆ ತೀರಾ ವಿರುದ್ಧವಾದ ದೋಷವನ್ನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಕಾರಿನಲ್ಲಿ ಕಂಡೆ. ದೂರ ಓಡಿಸಿದಾಗ ಪಿಕಪ್ ಬೀಳುತ್ತಿತ್ತು, ಟ್ಯಾಂಕ್‌ನೊಳಗಿನ ಪಂಪ್ ಕೂಗುತ್ತಿತ್ತು, ನಿಲ್ಲಿಸಿ ಕ್ಯಾಪ್ ತೆರೆದರೆ ಬುಸ್ ಎಂದು ಸದ್ದಾಗಿ ಕಾರು ಮತ್ತೆ ಸರಿಯಾಗುತ್ತಿತ್ತು. ಬುಸ್ ಎಂಬ ಸದ್ದು ಎರಡೂ ದಿಕ್ಕಿನಿಂದ ಬರಬಹುದು. ಬೇಸಿಗೆಯಲ್ಲಿ ಆವಿ ಹೊರಗೆ ಹಾಯುವುದು ಸಹಜ. ಅದಕ್ಕಾಗಿ ತೆಳುವಾದ ಕಾಗದದ ಚೂರನ್ನು ಕ್ಯಾಪ್ ಬಳಿ ಹಿಡಿದು ತಿರುಗಿಸಿದೆ. ಚೂರು ಒಳಮುಖವಾಗಿ ಎಳೆಯಲ್ಪಟ್ಟಿತು. ಟ್ಯಾಂಕ್‌ಗೆ ಗಾಳಿ ಬರುವ ದಾರಿ ಕಟ್ಟಿತ್ತು. ಕಾರಿನಡಿ ಮಲಗಿ ನೋಡಿದರೆ, ಕ್ಯಾನಿಸ್ಟರ್‌ನ ಹೊರಗಾಳಿಯ ಪೈಪ್‌ನ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿ ಒಣಗಿಸಿತ್ತು. ಜೊತೆಗೆ, ಕಳೆದುಹೋದ ಮೂಲ ಕ್ಯಾಪ್‌ನ ಬದಲು ಸಂತೆಯಲ್ಲಿ ಕೊಂಡ ಕ್ಯಾಪ್ ಹಾಕಿದ್ದರು; ನಿರ್ವಾತ ಹೆಚ್ಚಾದಾಗ ಗಾಳಿ ಒಳಬಿಡುವ ಚಿಕ್ಕ ಕವಾಟ ಅದರಲ್ಲಿರಲಿಲ್ಲ. ತಂತಿಯಿಂದ ಗೂಡು ಕೆದಕಿ, ಸರಿಯಾದ ಕ್ಯಾಪ್ ತರಿಸಿ ಹಾಕಿದ ಮೇಲೆ ತೊಂದರೆ ಮರುಕಳಿಸಲಿಲ್ಲ.

ಗ್ಯಾರೇಜಿನ ಹುಡುಗರು ಈ ವ್ಯವಸ್ಥೆಯನ್ನು ಕಲಿಯುವುದು ಹೆಚ್ಚಾಗಿ ಅಮೆರಿಕದ ವಿಡಿಯೊಗಳಿಂದ. ಅಲ್ಲಿನ ಕಾರುಗಳು ಟ್ಯಾಂಕ್‌ನಿಂದ ಎಂಜಿನ್‌ವರೆಗಿನ ಇಡೀ ದಾರಿಯನ್ನು ಮುಚ್ಚಿ, ಅರ್ಧ ಮಿಲಿಮೀಟರ್‌ನ ರಂಧ್ರದಷ್ಟು ಸೋರಿಕೆಯನ್ನೂ ತಾವೇ ಪರೀಕ್ಷಿಸಿಕೊಳ್ಳುತ್ತವೆ. ಪಿ0455 ದೊಡ್ಡ ಸೋರಿಕೆ, ಪಿ0442 ಸಣ್ಣದು, ಪಿ0456 ಅತಿ ಸಣ್ಣದು ಎಂಬ ಕೋಡ್‌ಗಳು ಬರುವುದು ಈ ಪರೀಕ್ಷೆಯಿಂದ. "ಮೊದಲು ಕ್ಯಾಪ್ ಬಿಗಿ ಮಾಡಿ" ಎಂಬ ಸಲಹೆ ಅಲ್ಲಿಗೆ ಸರಿ. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಕಾರುಗಳಲ್ಲಿ ಬಹುಪಾಲಿಗೆ ಇಂತಹ ಸೋರಿಕೆ ಪರೀಕ್ಷೆಯಿಲ್ಲ, ಪರ್ಜ್ ವಾಲ್ವ್‌ನ ಸರ್ಕ್ಯೂಟ್ ಮೇಲೆ ಮಾತ್ರ ಅವು ನಿಗಾ ಇಡುತ್ತವೆ. ಹಾಗಾಗಿ ಇಲ್ಲಿ ಎಂಜಿನ್ ಲೈಟ್ ಆರಿದೆ ಎಂಬುದರಿಂದ ಆವಿ ಸೋರುತ್ತಿಲ್ಲ ಎಂದು ಹೇಳಲಾಗದು. ಎಮಿಷನ್ ಟೆಸ್ಟ್‌ನಲ್ಲಿ ಪಾಸಾದರೂ ಅಷ್ಟೆ. ಆ ಯಂತ್ರ ಸೈಲೆನ್ಸರ್ ಬಾಯಿಯನ್ನು ನೋಡುತ್ತದೆ, ಟ್ಯಾಂಕ್ ಕಡೆ ನೋಡುವುದಿಲ್ಲ. ಕಾರಿನೊಳಗೆ ಪೆಟ್ರೋಲ್ ವಾಸನೆ ಬರುತ್ತಿದೆ ಎಂದು ಮನೆಯವರು ಹೇಳಿದರೆ ಅದನ್ನು ಸ್ಕ್ಯಾನರ್‌ಗಿಂತ ಹೆಚ್ಚು ನಂಬುತ್ತೇನೆ.

ವಾಸನೆಯ ಮೂಲ ಹುಡುಕಲು, ಪೈಪ್‌ಗಳೊಳಗೆ ಹೊಗೆ ತುಂಬಿ ಸೋರುವ ಜಾಗ ತೋರಿಸುವ ಹೊಗೆ ಯಂತ್ರ ಒಳ್ಳೆಯದು, ಆದರೆ ಒತ್ತಡ 1 ಪಿಎಸ್‌ಐಗಿಂತ ಕೆಳಗಿರಬೇಕು, ಗಾಳಿಯ ಬದಲು ನೈಟ್ರೋಜನ್ ಬಳಸಬೇಕು. ಟೈರ್‌ಗೆ ಗಾಳಿ ಹೊಡೆಯುವ ಕಂಪ್ರೆಸರ್ ಪೈಪ್ ಅನ್ನು ಆವಿಯ ಲೈನ್‌ಗೆ ಕೊಟ್ಟವರನ್ನು ನೋಡಿದ್ದೇನೆ. ಆ ಒತ್ತಡಕ್ಕೆ ಟ್ಯಾಂಕ್ ಮತ್ತು ಕ್ಯಾನಿಸ್ಟರ್ ಒಡೆಯಬಹುದು. ಅದಕ್ಕಿಂತ ಭಯಂಕರವೆಂದರೆ ಪೆಟ್ರೋಲ್ ಆವಿಗೆ ಗಾಳಿ ಸೇರಿದಲ್ಲಿ ಒಂದು ಕಿಡಿ ಸಾಕು. ನನ್ನ ಹುಡುಗರಿಗೆ ಈ ಕೆಲಸದ ಹೊತ್ತಿನಲ್ಲಿ ಬ್ಯಾಟರಿ ಟರ್ಮಿನಲ್ ಮುಟ್ಟಲೂ ಬಿಡುವುದಿಲ್ಲ.

ಈಗ ನಮ್ಮ ಜಾಬ್ ಕಾರ್ಡ್‌ನಲ್ಲಿ ಎರಡು ಪ್ರಶ್ನೆಗಳು ಸೇರಿವೆ: ಕೊನೆಯ ಸಲ ಪೆಟ್ರೋಲ್ ಹಾಕಿಸಿದ್ದು ಯಾವಾಗ, ಆಟೋ ಕಟ್ ಆದ ಮೇಲೂ ಹಾಕಿಸಿದಿರಾ? ಆರು ತಿಂಗಳ ಬಳಿಕ ಮೇಷ್ಟ್ರ ಕಾರು ಸರ್ವಿಸ್‌ಗೆ ಬಂದಾಗ ಅವರು ಕೇಳದಿದ್ದರೂ ಪರ್ಜ್ ವಾಲ್ವ್ ಬಿಚ್ಚಿ, ಅದೇ ಮೇಜಿನ ಮೇಲೆ ಬಿಳಿ ಕಾಗದ ಹಾಸಿ ತಟ್ಟಿದೆ. ಒಂದು ಹರಳೂ ಉದುರಲಿಲ್ಲ.