42 ಕ್ಯಾಪ್ಸೂಲ್

ಜೂನ್ 12, 2023, ಸೋಮವಾರ

ಮೊದಲು ನೋಡಿದ್ದು ನಾನಲ್ಲ, ಇವರು. ಶನಿವಾರ ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತು ಕಾಲುಚೀಲ ಹಾಕಿಕೊಳ್ಳೋಕೆ ಒದ್ದಾಡುತ್ತಿದ್ದೆ. 29ನೇ ವಾರದ ಹೊಟ್ಟೆ. ನನ್ನ ಪಾದವೇ ನನಗೆ ಕಾಣಲ್ಲ, ಇನ್ನು ಮೊಣಕಾಲಿನ ಹಿಂಭಾಗ ಎಲ್ಲಿ ಕಾಣಬೇಕು? "ಇದೇನಿದು, ಬಳೆ ಅಂಟಿಸಿದ ಹಾಗಿದೆ" ಅಂತ ಫೋನಿನಲ್ಲಿ ಫೋಟೋ ತೆಗೆದು ತೋರಿಸಿದರು. ಅಂಗೈ ಅಗಲದ ಕೆಂಪು ವೃತ್ತ, ನಡುವೆ ಸ್ವಲ್ಪ ತಿಳಿ. ತುರಿಕೆ ಇಲ್ಲ, ನೋವಿಲ್ಲ. ಮುಟ್ಟಿದರೆ ಬೆಚ್ಚಗಿತ್ತು, ಅಷ್ಟೇ.

ಅವತ್ತೇ ಹತ್ತಿರದ ಒಬ್ಬ ಡಾಕ್ಟರಿಗೆ ತೋರಿಸಿದೆವು. ಹುಳುಕಡ್ಡಿ ಅಂತ ಮುಲಾಮು ಬರೆದುಕೊಟ್ಟರು. ಹುಳುಕಡ್ಡಿ ಆದರೆ ತುರಿಸಬೇಕಲ್ವಾ, ಹೊಟ್ಟು ಏಳಬೇಕಲ್ವಾ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಕೇಳಲಿಲ್ಲ. ಮನೆಗೆ ಬಂದ ಮೇಲೆ ಇವರು ಬಾಲ್‌ಪೆನ್ನಿನಲ್ಲಿ ಕೆಂಪಿನ ಅಂಚಿಗೆ ಸರಿಯಾಗಿ ಒಂದು ಗೆರೆ ಎಳೆದರು. ಭಾನುವಾರ ರಾತ್ರಿ ನೋಡಿದರೆ ಕೆಂಪು ಆ ಗೆರೆ ದಾಟಿ ಒಂದು ಬೆರಳಿನಷ್ಟು ಆಚೆ ಹೋಗಿತ್ತು.

ಇವತ್ತು ನನ್ನ ಹೆರಿಗೆ ಡಾಕ್ಟರ್ ಹತ್ತಿರ ಹೋದೆ. ಅವರು ಮುಲಾಮಿನ ಚೀಟಿ ಪಕ್ಕಕ್ಕಿಟ್ಟು ಗೆರೆಯನ್ನೇ ನೋಡಿದರು. "ಕಳೆದ ತಿಂಗಳಲ್ಲಿ ಹುಲ್ಲು, ಪೊದೆ ಇರೋ ಕಡೆ ಓಡಾಡಿದ್ದೀರಾ?" ದಿನಾ ಸಂಜೆ ಕಾಡಂಚಿನ ದಾರಿಯಲ್ಲೇ ನನ್ನ ವಾಕಿಂಗ್. "ಉಣುಗು ಕಚ್ಚಿದ್ದು ಗೊತ್ತಾಯ್ತಾ?" ಇಲ್ಲ. "ಎಷ್ಟೋ ಜನಕ್ಕೆ ಗೊತ್ತಾಗಲ್ಲ" ಅಂದರು. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದಂತೆ. ನೋವಾಗದ ಹಾಗೆ ಕಚ್ಚಿ ರಕ್ತ ಹೀರಿ, ತಾನಾಗೇ ಉದುರಿ ಹೋಗುತ್ತದಂತೆ.

ಲೈಮ್ ಕಾಯಿಲೆ. ಉಣುಗು ಕಚ್ಚಿದಾಗ ಮೈಗೆ ಸೇರುವ ಒಂದು ಬ್ಯಾಕ್ಟೀರಿಯಾದಿಂದ ಬರುತ್ತದಂತೆ. ಹೆಸರು ಕೇಳಿದರೆ ನಿಂಬೆಹಣ್ಣು ನೆನಪಾಗುತ್ತೆ, ಆದರೆ ಅದು ಅಮೆರಿಕದ ಕನೆಕ್ಟಿಕಟ್‌ನ ಲೈಮ್ ಅನ್ನುವ ಊರಿನ ಹೆಸರು. 1970ರ ದಶಕದಲ್ಲಿ ಅಲ್ಲಿನ ಮಕ್ಕಳಿಗೆ ಒಬ್ಬರ ಹಿಂದೆ ಒಬ್ಬರಿಗೆ ಮಂಡಿ ಊದಿದಾಗ, ಇದು ಸುಮ್ನೆ ಬಂದಿದ್ದಲ್ಲ ಅಂತ ಮೊದಲು ಹಠ ಹಿಡಿದವರು ಅಲ್ಲಿನ ತಾಯಂದಿರೇ ಅಂತೆ. ಇದನ್ನು ಓದಿ ಯಾಕೋ ಸ್ವಲ್ಪ ಧೈರ್ಯ ಬಂತು.

ರಕ್ತ ಪರೀಕ್ಷೆ ಮಾಡಲ್ವಾ ಅಂತ ಕೇಳಿದೆ. ಆ ಪರೀಕ್ಷೆ ಹುಡುಕೋದು ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನ, ಮೊದಲ ಕೆಲವು ವಾರ ಅದೇ ಸರಿಯಾಗಿ ತಯಾರಾಗಿರಲ್ಲ, ಕಾಯಿಲೆ ಇದ್ದರೂ ರಿಪೋರ್ಟ್ ನೆಗೆಟಿವ್ ಬರಬಹುದು, ಈ ಥರ ಹರಡುವ ಗುರುತು ಕಂಡರೆ ರಿಪೋರ್ಟ್ ಕಾಯದೆ ಔಷಧಿ ಶುರು ಮಾಡೋದೇ ಸರಿ ಅಂದರು. ಉಳಿದವರಿಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಆ ಜಾತಿಯ ಔಷಧಿ ಹೊಟ್ಟೆಯೊಳಗಿನ ಮಗುವಿನ ಹಲ್ಲು, ಎಲುಬಿಗೆ ಸೇರಿಕೊಳ್ಳುತ್ತೆ, ಹಾಗಾಗಿ ಬಸುರಿಯರಿಗೆ ಬೇಡ. ನನಗೆ ಅಮಾಕ್ಸಿಸಿಲಿನ್. 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 14 ದಿನ. ಒಟ್ಟು 42.

ಇಷ್ಟೇನಾ ಅನ್ನಿಸಿತು. ಇಷ್ಟು ದೊಡ್ಡ ಹೆಸರಿನ ಕಾಯಿಲೆಗೆ, ಚಿಕ್ಕ ಮಕ್ಕಳ ಕಿವಿನೋವಿಗೆ ಕೊಡುವ ಔಷಧಿ!

ಮಧ್ಯಾಹ್ನ 2ಕ್ಕೆ ಮೊದಲ ಕ್ಯಾಪ್ಸೂಲ್. ಫೋನಿನಲ್ಲಿ 6, 2, 10ಕ್ಕೆ ಅಲಾರಂ ಇಟ್ಟೆ. ಬಸುರಿಯಲ್ಲಿ ಮೂತ್ರಪಿಂಡ ಜಾಸ್ತಿ ಕೆಲಸ ಮಾಡುತ್ತಂತೆ, ಔಷಧಿ ಬೇಗ ಹೊರಗೆ ಹೋಗಿಬಿಡುತ್ತಂತೆ. ಹಾಗಾಗಿ ನೆನಪಾದಾಗ ನುಂಗಿದರೆ ಆಗಲ್ಲ.

ಸಂಜೆ ಅಮ್ಮನ ಫೋನ್. "ಏಳು ತಿಂಗಳ ಬಸುರಿ, ಆ್ಯಂಟಿಬಯೋಟಿಕ್ ನುಂಗ್ತಾರೇನೇ? ಬೇಡ ಕಣೇ. ಚರ್ಮದ ಮೇಲಿಂದು ತಾನಾಗೇ ಹೋಗುತ್ತೆ ಬಿಡು."

ಅಮ್ಮ ಹೇಳಿದ್ದು ನಿಜವೇ. ತಾನಾಗೇ ಹೋಗುತ್ತೆ. ಔಷಧಿ ಮುಟ್ಟದಿದ್ದರೂ ಈ ಕೆಂಪು ಕೆಲವು ವಾರದಲ್ಲಿ ಮಾಯವಾಗುತ್ತೆ. ಸುರುಳಿ ಆಕಾರದ ಆ ಬ್ಯಾಕ್ಟೀರಿಯಾ ಮಾತ್ರ ಹೋಗಲ್ಲ. ಅದು ರಕ್ತಕ್ಕೆ ಇಳಿದು ಕೀಲು, ನರ, ಹೃದಯದ ಕಡೆ ಹೊರಡುತ್ತೆ. ಬಸುರಿಯಾದರೆ ಮಾಸಿಗೂ ತಗುಲಬಹುದು, ಅಪರೂಪಕ್ಕೆ ಮಗುವಿಗೂ. ಇದನ್ನೆಲ್ಲ ಅಮ್ಮನಿಗೆ ಹೇಳುವಷ್ಟರಲ್ಲಿ ನನ್ನ ದನಿಯೇ ನಡುಗಿತು. "ಸರಿ, ತಗೋ. ಊಟ ಮಾಡಿ ತಗೋ" ಅಂದಳು.

ಜೂನ್ 13, ಮಂಗಳವಾರ

ನಿನ್ನೆ ರಾತ್ರಿ 11ಕ್ಕೆ ಚಳಿ ಹಿಡಿಯಿತು. ಎರಡು ಹೊದಿಕೆ ಹೊದ್ದರೂ ಹಲ್ಲು ಕಟಕಟ. ಮೈ ಸುಟ್ಟುಹೋಗುವ ಹಾಗೆ ಜ್ವರ, ಗೆರೆಯೊಳಗಿನ ಕೆಂಪು ಇನ್ನೂ ಕೆಂಪಾಗಿತ್ತು. ಔಷಧಿಯೇ ಒಗ್ಗಿಲ್ಲ, ಅಮ್ಮ ಹೇಳಿದ್ದೇ ಸರಿ ಅನ್ನಿಸಿಬಿಟ್ಟಿತು. ಇವರು ಆಸ್ಪತ್ರೆಗೆ ಫೋನ್ ಮಾಡಿದರು.

ಫೋನಿನಲ್ಲಿ ಸಿಕ್ಕ ನರ್ಸ್ ಗಡಿಬಿಡಿ ಮಾಡಲಿಲ್ಲ. ಮೈಮೇಲೆ ದದ್ದು ಎದ್ದಿದೆಯಾ, ತುಟಿ ಊದಿದೆಯಾ, ಉಸಿರು ಕಟ್ಟುತ್ತಿದೆಯಾ? ಇಲ್ಲ. ಹಾಗಾದರೆ ಇದು ಅಲರ್ಜಿ ಥರ ಕಾಣಲ್ಲ ಅಂದರು. ಔಷಧಿ ಬಿದ್ದ ಮೊದಲ 24 ಗಂಟೆಯೊಳಗೆ ಬ್ಯಾಕ್ಟೀರಿಯಾ ಒಟ್ಟೊಟ್ಟಿಗೆ ಸಾಯುವಾಗ ಕೆಲವರಿಗೆ ಹೀಗಾಗುತ್ತಂತೆ. ಅದಕ್ಕೆ ಯಾರಿಶ್-ಹೆರ್ಕ್ಸ್‌ಹೈಮರ್ ಪ್ರತಿಕ್ರಿಯೆ ಅಂತ ಹೆಸರು. ಆ ಹೊತ್ತಿನಲ್ಲಿ ನನಗೆ ನನ್ನ ಹೆಸರೇ ನೆನಪಿರಲಿಲ್ಲ, ಇದನ್ನು ಇವರು ಬರೆದಿಟ್ಟುಕೊಂಡಿದ್ದರು. ಪ್ಯಾರಾಸಿಟಮಾಲ್ ತಗೊಳ್ಳಿ, ಐಬುಪ್ರೊಫೇನ್ ಬೇಡ, ನೀರು ಕುಡೀತಾ ಇರಿ ಅಂದರು. ಹೊಟ್ಟೆ ಬಿಗಿದು ಬಿಗಿದು ಬಿಟ್ಟರೆ, ನೀರು ಅಥವಾ ರಕ್ತ ಹೋದರೆ, ಮಗು ಮಿಸುಕಾಡೋದು ಕಡಿಮೆಯಾದರೆ ಯೋಚನೆ ಮಾಡದೆ ಬಂದುಬಿಡಿ.

ಎಡಗಡೆಗೆ ತಿರುಗಿ ಮಲಗಿ, ಹೊಟ್ಟೆ ಮೇಲೆ ಕೈಯಿಟ್ಟು ಕಾದೆ. ಇವರು ಹಳೇ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಗೀಟು ಹಾಕುತ್ತಾ ಕೂತರು. ಒದ್ದರೆ ಒಂದು ಗೀಟು. ಹೊಟ್ಟೆ ಬಿಗಿಯಲಿಲ್ಲ. ಒಂದೂಕಾಲಿಗೆ ಹತ್ತು ಗೀಟಾಯಿತು. ಬೆಳಗಿನ ಜಾವ ಬೆವರಿ ಜ್ವರ ಬಿಟ್ಟಿತು. 6ರ ಅಲಾರಂ ಹೊಡೆದಾಗ ನುಂಗಲೋ ಬೇಡವೋ ಅಂತ ಒಂದು ನಿಮಿಷ ಕ್ಯಾಪ್ಸೂಲನ್ನೇ ನೋಡುತ್ತಿದ್ದೆ. ನುಂಗಿದೆ.

ಜೂನ್ 16, ಶುಕ್ರವಾರ

ಕೆಂಪು ಗೆರೆಯಿಂದ ಒಳಗೆ ಸರಿದಿದೆ. ಸ್ನಾನದಲ್ಲಿ ಗೆರೆ ಅಳಿಸಿತ್ತು, ಇವರು ಹೊಸದು ಎಳೆದರು. ಕಚಗುಳಿ.

ಜೂನ್ 18, ಭಾನುವಾರ

ನಿದ್ದೆ ಬರದೆ ಓದಬಾರದ್ದನ್ನು ಓದಿದೆ. 1985ರಲ್ಲಿ ವರದಿಯಾದ ಒಂದು ಪ್ರಕರಣ. ಮೊದಲ ಮೂರು ತಿಂಗಳಲ್ಲೇ ಲೈಮ್ ಬಂದ ತಾಯಿ, ಉಳಿಯದ ಕೂಸು. ಓದಿ ಫೋನ್ ಬೋರಲು ಹಾಕಿ ಸುಮಾರು ಹೊತ್ತು ಅತ್ತೆ. ಮತ್ತೆ ಎತ್ತಿ ಓದಿದಾಗ ಮೊದಲ ಸಲ ಕಣ್ತಪ್ಪಿದ ಮಾತು ಸಿಕ್ಕಿತು. ಆ ತಾಯಿಗೆ ಆ್ಯಂಟಿಬಯೋಟಿಕ್ ಕೊಟ್ಟೇ ಇರಲಿಲ್ಲ.

ತಿಂಗಳುಗಟ್ಟಲೆ ಔಷಧಿ ತಗೊಂಡವರ ಕಥೆಗಳೂ ಸಿಕ್ಕವು. 14 ದಿನ ಸಾಲದೇನೋ ಅಂತ ಹೊಸ ಹುಳ ಹೊಕ್ಕಿತು.

ಜೂನ್ 20, ಮಂಗಳವಾರ

ನಿನ್ನೆಯಿಂದ ಹೊಟ್ಟೆ ಕೆಟ್ಟಿದೆ, ನಾಲ್ಕು ಸಲ ಹೋದೆ. ಡಾಕ್ಟರ್ ಹತ್ತಿರ ಹೋಗಿ ಎರಡೂ ಕೇಳಿದೆ. ಭೇದಿ ಈ ಔಷಧಿಗೆ ಸಾಮಾನ್ಯ, ಮೈಯಲ್ಲಿ ನೀರು ಕಡಿಮೆಯಾಗದ ಹಾಗೆ ಓಆರ್‌ಎಸ್ ಕುಡಿಯಿರಿ, ಜಾಸ್ತಿಯಾದರೆ ಅಥವಾ ರಕ್ತ ಕಂಡರೆ ಬನ್ನಿ, ನೀವಾಗೇ ನಿಲ್ಲಿಸಬೇಡಿ. ನನ್ನ ಹಾಗೆ ಚರ್ಮದಲ್ಲಿ ಇರುವಾಗಲೇ ಸಿಕ್ಕಿದ್ದಕ್ಕೆ 14 ದಿನ ಸಾಕು, ಎಳೆದರೆ ಹೊಟ್ಟೆ ಇನ್ನೂ ಕೆಡುತ್ತೆ, ಬೇರೆ ಲಾಭ ಇಲ್ಲ ಅಂದರು. ನರಕ್ಕೆ ಹೋಗಿದ್ದರೆ ಮಾತು ಬೇರೆ, ಆಗ ರಕ್ತನಾಳದ ಮೂಲಕ ಸೆಫ್ಟ್ರಿಯಾಕ್ಸೋನ್ ಕೊಡಬೇಕಾಗಬಹುದಿತ್ತು. ಮುಖದ ಒಂದು ಬದಿ ಜೋಲುವುದು, ಎದೆ ಡವಗುಟ್ಟುವುದು, ತಲೆ ತಿರುಗಿ ಬೀಳುವುದು, ಇಂಥದ್ದು ಏನೇ ಆದರೂ ಅವತ್ತೇ ಬರಬೇಕು.

"ಪೂರ್ತಿ ಹೋಗಿದೆ ಅಂತ ಕೊನೆಗೆ ಒಂದು ಟೆಸ್ಟ್?" ಅಂದೆ. ಹಾಗೊಂದು ಟೆಸ್ಟ್ ಇಲ್ಲ. ವಾಸಿಯಾದ ಮೇಲೂ ಪ್ರತಿಕಾಯ ವರ್ಷಗಟ್ಟಲೆ ರಕ್ತದಲ್ಲಿ ಉಳಿಯಬಹುದಂತೆ. ಶುರುವಿನಲ್ಲೂ ರಿಪೋರ್ಟ್ ಇಲ್ಲ, ಕೊನೆಯಲ್ಲೂ ಇಲ್ಲ. ನನ್ನ ಫೈಲಿನಲ್ಲಿ ಸಕ್ಕರೆಗೆ, ರಕ್ತಕ್ಕೆ, ಥೈರಾಯ್ಡಿಗೆ ಎಲ್ಲಕ್ಕೂ ಒಂದೊಂದು ಕಾಗದ ಇದೆ. ಇದಕ್ಕೆ ಮಾತ್ರ ಇವರು ತೆಗೆದ ಒಂಬತ್ತು ಫೋಟೋ.

ಎದೆಹಾಲಿನಿಂದ ಮಗುವಿಗೆ ಹರಡಿದ ಉದಾಹರಣೆ ಇಲ್ಲವಂತೆ. ಹುಟ್ಟಿದ ಮೇಲೆ ಮಕ್ಕಳ ಡಾಕ್ಟರಿಗೆ ಹೀಗಾಗಿತ್ತು, ಚಿಕಿತ್ಸೆ ಪೂರ್ತಿ ಆಗಿದೆ ಅಂತ ಹೇಳಿದರೆ ಸಾಕು. ಇದನ್ನು ಡಾಕ್ಟರೇ ಫೈಲಿನಲ್ಲಿ ಬರೆದರು. ಸದ್ಯ, ಕಾಗದ ಅಂತ ಒಂದಾಯಿತು.

ಜೂನ್ 26, ಸೋಮವಾರ

ಬೆಳಿಗ್ಗೆ 6ಕ್ಕೆ 42ನೆಯದು. ಒಂದೂ ತಪ್ಪಿಸಿಲ್ಲ. 23ನೆಯದು ವಾಂತಿಯಾಗುತ್ತೇನೋ ಅಂತ ಅರ್ಧ ಗಂಟೆ ಗೋಡೆ ಹಿಡಿದು ನಿಂತಿದ್ದೆ, ಅದೂ ಒಳಗೇ ಉಳಿಯಿತು.

ಇವರು ಟಾರ್ಚ್ ಹಿಡಿದು ನೋಡಿದರು. ಮೊಣಕಾಲಿನ ಹಿಂದೆ ಚರ್ಮ ಒಂದಿಷ್ಟು ಕಂದು, ಸುತ್ತ ಪೆನ್ನಿನ ನೀಲಿ. ಹತ್ತನೇ ಫೋಟೋ ತೆಗೆದರು. ಸಂಜೆ ವಾಕಿಂಗ್‌ಗೆ ಟಾರು ರಸ್ತೆಯಲ್ಲೇ ಹೋಗೋದು, ಬಂದ ಮೇಲೆ ಕಾಲಿನ ಹಿಂದೆ ನೋಡೋದು ಇವರ ಕೆಲಸ ಅಂತ ಮಾತಾಗಿದೆ.

ಅಮ್ಮನಿಗೆ ಫೋನ್ ಮಾಡಿ ಹೋಯಿತು ಅಂದೆ. "ನೋಡು, ನಾನು ಹೇಳಿರಲಿಲ್ವಾ?" ಅಂದಳು. ಜಗಳಕ್ಕೆ ಹೋಗಲಿಲ್ಲ.

ಮಧ್ಯಾಹ್ನ 2ಕ್ಕೆ ಅಲಾರಂ ಹೊಡೆಯಿತು. ತೆಗೆಯೋದು ಮರೆತಿದ್ದೆ. ಎದ್ದು ಅಡುಗೆಮನೆಗೆ ಹೋಗಿ, ಲೋಟಕ್ಕೆ ನೀರು ಬಗ್ಗಿಸಿ, ಖಾಲಿ ಪಟ್ಟಿಯನ್ನು ಕೈಗೆತ್ತಿಕೊಂಡ ಮೇಲೆ ನೆನಪಾಯಿತು. ನೀರು ಕುಡಿದು ಬಂದು ಮಲಗಿದೆ.