ಕಪ್ಪು ಪಾದ, ಗುಲಾಬಿ ಪಾದ

ಬೆಲ್ಲ ಮತ್ತು ಕಡ್ಲೆ ನಮ್ಮ ಮನೆಗೆ ಬಂದಿದ್ದು ಮೇಲಿನ ಮನೆಯವರು ಪುಣೆಗೆ ವರ್ಗವಾಗಿ ಹೊರಟಾಗ. ಎರಡೂ ಹೆಣ್ಣು ಗಿನಿ ಪಿಗ್, ಇಲಿ ಜಾತಿಯ ಬಾಲವಿಲ್ಲದ ಪುಟ್ಟ ಸಾಕುಪ್ರಾಣಿ. ಪಂಜರ, ನೀರಿನ ಬಾಟಲಿ, ಅರ್ಧ ಚೀಲ ಒಣಹುಲ್ಲು ಎಲ್ಲವನ್ನೂ ಜೊತೆಗೇ ಕೊಟ್ಟು ಹೋದರು. ಪಂಜರದ ತಳ ಪೂರ್ತಿ ತಂತಿ ಜಾಲರಿ. ಹಿಕ್ಕೆ ಕೆಳಗೆ ಬಿದ್ದುಹೋಗುತ್ತೆ, ತೊಳೆಯೋದು ಸುಲಭ ಅಂತ ಅಂಗಡಿಗಳಲ್ಲಿ ಇಂಥದ್ದನ್ನೇ ಜಾಸ್ತಿ ಮಾರುತ್ತಾರೆ. ಸುಲಭ ಏನಿದ್ದರೂ ನಮಗೆ. ಹಗಲೂ ರಾತ್ರಿ ಅದರ ಮೇಲೆ ನಿಲ್ಲುವುದು ಅವು.

ಮೊಲದ ಪಾದದ ಕೆಳಗೆ ದಟ್ಟವಾದ ಕೂದಲಿರುತ್ತೆ. ಗಿನಿ ಪಿಗ್‌ಗೆ ಅದೂ ಇಲ್ಲ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರೇ, ಕೆಳಗೆ ಬರೀ ಚರ್ಮ. ಹಿಂಗಾಲಿನ ಹಿಮ್ಮಡಿವರೆಗೂ ಊರಿ ಕೂರುವ ಪ್ರಾಣಿ ಇದು. ಮೈಭಾರವೆಲ್ಲ ಆ ಬೋಳು ಚರ್ಮದ ಮೇಲೇ ಬೀಳುತ್ತೆ.

ಅದಕ್ಕೇ ಬಂದ ವಾರದ ಭಾನುವಾರವೇ ಇಬ್ಬರ ಕಾಲನ್ನೂ ನೋಡಿ, ಉಗುರೂ ತೆಗೆದುಬಿಡೋಣ ಅಂತ ಕೂತೆ. ಅತ್ತೆ ಸಹಾಯಕ್ಕೆ ಬಂದರು. "ಕೂಸಿನ ಉಗುರು ನಿದ್ದೆಯಲ್ಲಿದ್ದಾಗ ತೆಗೀತಿದ್ವಿ, ಹಾಗೆ ಮಾಡಬಾರದಾ?" ಅಂದರು. ಗಿನಿ ಪಿಗ್ ನಿದ್ದೆ ಮಾಡೋದೇ ಐದೈದು ನಿಮಿಷ, ಅದೂ ಎಷ್ಟೋ ಸಲ ಕಣ್ಣು ಬಿಟ್ಟುಕೊಂಡೇ ಅಂದೆ. "ಪಾಪ, ಹಗಲೆಲ್ಲ ಕಾವಲು ಕಾಯುತ್ತೆ" ಅಂದು ಕೊತ್ತಂಬರಿ ಕಟ್ಟು ಬಿಚ್ಚಿದರು.

ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಮೇಜಿನ ಮೇಲೆ ಈ ಕೆಲಸ ಬೇಡ, ಜಿಗಿದರೆ ಕಾಲು ಮುರಿಯುತ್ತೆ. ಬೆಲ್ಲನ ಬೆನ್ನು ನನ್ನ ಎದೆಗೆ ತಾಗುವ ಹಾಗೆ ಎತ್ತಿಕೊಂಡು, ಕುಂಡೆಯ ಕೆಳಗೆ ಒಂದು ಕೈ ಕೊಟ್ಟೆ. ಹಿಂಭಾಗಕ್ಕೆ ಆಸರೆ ಸಿಗದಿದ್ದರೆ ಒದ್ದಾಡುತ್ತೆ. ಆಸರೆ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಇನ್ನರ್ಧ ಅತ್ತೆಯ ಕೊತ್ತಂಬರಿ ಮಾಡಿತು.

ಬೆಲ್ಲನ ಮೈ ಕಂದು ಬಿಳಿ ಮಚ್ಚೆ ಮಚ್ಚೆ. ಪಾದವೂ ಹಾಗೇ, ಎಡ ಹಿಂಗಾಲಿನ ಅಡಿ ಗುಲಾಬಿ, ಬಲಗಾಲಿನದ್ದು ಕಪ್ಪು. ಎಡಗಾಲನ್ನು ತಿರುಗಿಸಿದ ತಕ್ಷಣ ಕಂಡಿತು. ಹಿಮ್ಮಡಿ ಹತ್ತಿರ ಕಡ್ಲೆಬೇಳೆಯಷ್ಟು ಜಾಗ ಕೆಂಪಾಗಿ ಹೊಳೀತಿತ್ತು. ಆರೋಗ್ಯವಾಗಿರುವ ಪಾದದಲ್ಲಿ ಸಣ್ಣ ಗೆರೆಗಳಿರುತ್ತವೆ. ಇಲ್ಲಿ ಗೆರೆಯೆಲ್ಲ ಅಳಿಸಿ ಚರ್ಮ ನುಣ್ಣಗಾಗಿತ್ತು. ಗಾಯ ಇಲ್ಲ, ಹಕ್ಕಳೆ ಇಲ್ಲ, ಬರೀ ಹೊಳಪು.

ಬಲಗಾಲು ನೋಡಿದರೆ ಏನೂ ಇಲ್ಲ. ಎಲ್ಲಿಂದ ಕಾಣಬೇಕು ಹೇಳಿ, ಕಪ್ಪು ಚರ್ಮದಲ್ಲಿ ಕೆಂಪು ಕಾಣಲ್ಲ. ಹಾಗಾಗಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದೆ. ಅದೇ ಜಾಗ ಗಟ್ಟಿಯಾಗಿತ್ತು, ಸುತ್ತಲಿಗಿಂತ ಸ್ವಲ್ಪ ಬಿಸಿ. ಒತ್ತಿದಾಗ ಬೆಲ್ಲ ತಿನ್ನೋದು ನಿಲ್ಲಿಸಿ ಕಾಲೆಳೆದುಕೊಂಡಿತು. ಕಪ್ಪು ಪಾದದ ಗಿನಿ ಪಿಗ್ ಇರುವವರಿಗೆ ಇದನ್ನು ಒತ್ತಿ ಹೇಳಬೇಕು: ಕಣ್ಣನ್ನು ನಂಬಬೇಡಿ, ಮುಟ್ಟಿ ನೋಡಿ. ಎರಡೂ ಕಾಲನ್ನು ಹೋಲಿಸಿ ನೋಡಿ.

ಉಗುರೂ ಬೆಳೆದು ಪಕ್ಕಕ್ಕೆ ಬಾಗಿತ್ತು. ಉಗುರು ಉದ್ದವಾದರೆ ಬೆರಳು ಸರಿಯಾಗಿ ನೆಲಕ್ಕೆ ಊರಲ್ಲ, ಭಾರ ಹಿಂದಕ್ಕೆ ಹಿಮ್ಮಡಿಗೆ ಹೋಗುತ್ತೆ. ಬಿಳಿ ಉಗುರಲ್ಲಿ ಒಳಗಿನ ರಕ್ತನಾಳ ಗುಲಾಬಿ ಗೆರೆಯ ಹಾಗೆ ಕಾಣುತ್ತೆ, ಅದಕ್ಕಿಂತ ಮುಂದಕ್ಕೆ ಕತ್ತರಿಸಿದರಾಯಿತು. ಕಪ್ಪು ಉಗುರಿಗೆ ಅತ್ತೆ ಮೊಬೈಲ್ ಟಾರ್ಚ್ ಕೆಳಗಿನಿಂದ ಹಿಡಿದರು. ಆದರೂ ಸರಿಯಾಗಿ ಕಾಣಲಿಲ್ಲ, ತುದಿ ಮಾತ್ರ ತೆಗೆದೆ. ರಕ್ತ ಬಂದರೆ ಒತ್ತಿ ಹಿಡಿಯಲು ಕಾರ್ನ್‌ಫ್ಲೋರ್ ಬಟ್ಟಲಲ್ಲಿ ಇಟ್ಟುಕೊಂಡಿದ್ದೆ, ಬೇಕಾಗಲಿಲ್ಲ. ಎರಡು ಕಾಲು ಮುಗಿಯುವಷ್ಟರಲ್ಲಿ ಬೆಲ್ಲ ಹಲ್ಲು ಕಟಕಟ ಅನ್ನಿಸತೊಡಗಿತು. ಸಿಟ್ಟು ಬಂದಿದೆ ಅಂತ ಅರ್ಥ. ಇನ್ನೆರಡು ಕಾಲನ್ನು ಮರುದಿನಕ್ಕೆ ಬಿಟ್ಟೆ. ಒಂದೇ ಸಲ ಎಲ್ಲ ಮುಗಿಸಲೇಬೇಕು ಅಂತ ಏನಿಲ್ವಲ್ಲ.

ಸಂಜೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಬೆಂಗಳೂರಲ್ಲೂ ನಾಯಿ ಬೆಕ್ಕು ನೋಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಮೊಲ, ಗಿಳಿ, ಗಿನಿ ಪಿಗ್ ನೋಡುವವರನ್ನು ಹುಡುಕಬೇಕು. ಈ ಡಾಕ್ಟರ್ ಕಾಲು ಮುಟ್ಟುವ ಮೊದಲೇ ಕೇಳಿದ್ದು, "ನೆಲ ಎಂಥದ್ದು?" ಆಮೇಲೆ ತೂಕ. 1 ಕೆಜಿ 300 ಗ್ರಾಂ ಬಂತು. ದೊಡ್ಡ ಗಿನಿ ಪಿಗ್ ಸಾಮಾನ್ಯವಾಗಿ 700 ಗ್ರಾಂನಿಂದ 1 ಕೆಜಿ 200 ಗ್ರಾಂ ಇರುತ್ತೆ. ಆಮೇಲೆ ಊಟದ ವಿಚಾರ. ಕೊನೆಗೆ ಕಾಲು.

ಇದಕ್ಕೆ ಬಂಬಲ್‌ಫುಟ್ ಅನ್ನುತ್ತಾರಂತೆ, ಬೆಲ್ಲನದ್ದು ಶುರುವಿನ ಹಂತ. ಹೀಗೇ ಬಿಟ್ಟರೆ ಚರ್ಮ ಒಡೆದು, ಬ್ಯಾಕ್ಟೀರಿಯಾ ಒಳಗೆ ಹೋಗಿ, ಹುಣ್ಣಾಗಿ, ಮೂಳೆವರೆಗೂ ಇಳಿಯುತ್ತೆ. ಆಮೇಲೆ ತಿಂಗಳುಗಟ್ಟಲೆ ಔಷಧಿ. ಈಗ ಸದ್ಯಕ್ಕೆ ನೀರು ಬೆರೆಸಿದ ನಂಜುನಿವಾರಕದಲ್ಲಿ ಕಾಲು ಅದ್ದಿ, ಚೆನ್ನಾಗಿ ಒರೆಸಿದರೆ ಸಾಕು ಅಂದರು. ಎಷ್ಟು ಬೆರೆಸಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಮನೆಯಲ್ಲಿ ಉಳಿದ ಮುಲಾಮು ಹಚ್ಚಬೇಡಿ, ನೆಕ್ಕಿ ಹೊಟ್ಟೆಗೆ ಹೋಗುತ್ತೆ ಅಂದರು. ಇನ್ನೊಂದು ಮಾತನ್ನು ಎರಡು ಸಲ ಹೇಳಿದರು: ಮನುಷ್ಯರಿಗೆ ಕೊಡುವ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಅಪ್ಪಿತಪ್ಪಿಯೂ ಕೊಡಬೇಡಿ. ಗಿನಿ ಪಿಗ್ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಪ್ರಾಣಕ್ಕೇ ಕುತ್ತಾಗುತ್ತೆ.

"ನೆಲ ಬದಲಾಗದಿದ್ದರೆ ನಾನು ಏನು ಕೊಟ್ಟರೂ ದಂಡ" ಅಂದರು. ಆ ರಾತ್ರಿಯೇ ಜಾಲರಿ ಪಂಜರ ಅಟ್ಟ ಸೇರಿತು. ಹಾಲ್‌ನ ಮೂಲೆಯಲ್ಲಿ ಹಲಗೆ ಕಟ್ಟಿ, ಕೆಳಗೆ ಹಳೇ ಟವೆಲ್‌ಗಳು, ಮೇಲೆ ಫ್ಲೀಸ್ (ಉಣ್ಣೆಯಂಥ ಮೆದು ಸಿಂಥೆಟಿಕ್ ಬಟ್ಟೆ) ಹೊದಿಕೆ ಹಾಸಿದೆವು. ಒಳ್ಳೆ ಫ್ಲೀಸ್ ಉಚ್ಚೆಯನ್ನು ಕೆಳಕ್ಕೆ ಬಿಟ್ಟು ಮೇಲೆ ಒಣಗೇ ಇರುತ್ತೆ. ಆದರೆ ಬಟ್ಟೆ ಮೆದುವಾಗಲಿ ಅಂತ ಹಾಕುವ ಕಂಫರ್ಟ್ ಥರದ್ದು ಬಳಸಿ ಒಗೆದರೆ ನೀರು ಇಳಿಯೋದೇ ನಿಂತುಹೋಗುತ್ತೆ. ನಮಗೆ ನಿಜವಾದ ತಲೆನೋವು ಮಳೆ. ಜುಲೈಯಲ್ಲಿ ನಮ್ಮ ಬಟ್ಟೆಯೇ ಒಣಗಲ್ಲ, ಇನ್ನು ಇವರ ಹಾಸಿಗೆ ಎಲ್ಲಿಂದ? ಫ್ಯಾನ್ ಕೆಳಗೆ ಹರಡಿ, ಆಮೇಲೆ ಇಸ್ತ್ರಿ ಹಾಕಿ ಒಣಗಿಸಿದ್ದೂ ಇದೆ. ಹಸಿ ಹಾಸಿಗೆಗಿಂತ ಜಾಲರಿಯೇ ವಾಸಿ ಅನ್ನಿಸುವಷ್ಟು ಹಸಿ ಕೆಟ್ಟದ್ದು.

ತಿಂಡಿಯೂ ಬದಲಾಯಿತು. ಅಂಗಡಿಯ ಗುಳಿಗೆ ಆಹಾರ (ಪೆಲೆಟ್) ಕಡಿಮೆ ಮಾಡಿ ಒಣಹುಲ್ಲು, ಗರಿಕೆ ಜಾಸ್ತಿ ಮಾಡಿದೆವು. ಗಿನಿ ಪಿಗ್ ನಮ್ಮ ಹಾಗೇ ವಿಟಮಿನ್ ಸಿ ತಾನಾಗಿ ತಯಾರಿಸಿಕೊಳ್ಳಲ್ಲ. ಕಡಿಮೆಯಾದರೆ ಚರ್ಮ ಬೇಗ ಕೂಡಲ್ಲ. ದಿನಕ್ಕೆ ಒಂದು ಕೆಜಿ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಔಷಧಿಯ ಹನಿಯನ್ನು ಬಾಟಲಿ ನೀರಿಗೆ ಹಾಕಿದರೆ ಬೇಗ ಶಕ್ತಿ ಕಳೆದುಕೊಳ್ಳುತ್ತೆ, ಹಾಗಾಗಿ ದಪ್ಪ ಮೆಣಸಿನಕಾಯಿ ಹೋಳು ಕೊಡ್ತೀವಿ. ಈಗ ಫ್ರಿಜ್ ಬಾಗಿಲು ತೆಗೆದರೆ ಸಾಕು, ಇಬ್ಬರೂ ವೀಕ್ ವೀಕ್ ಅಂತ ಮನೆ ತಲೆ ಮೇಲೆ ಹೊತ್ತುಕೊಳ್ಳುತ್ತವೆ.

ಕಾಲು ಅದ್ದುವ ಕೆಲಸ ಅತ್ತೆಯ ಪಾಲಿಗೆ ಬಂತು. ಅಗಲ ತಟ್ಟೆಯಲ್ಲಿ ಬೆರಳು ಮುಳುಗುವಷ್ಟು ನೀರು, ಎದುರಿಗೆ ಮೆಣಸಿನಕಾಯಿ. ಬೆಲ್ಲ ತಿನ್ನುತ್ತಾ ನಿಂತಿರುತ್ತೆ, ಕಾಲು ತಾನಾಗಿ ನೆನೆಯುತ್ತೆ. ಈ ಉಪಾಯ ಅವರದ್ದೇ. ಮೊದಲು ಹೊಳಪು ಹೋಯಿತು, ಆಮೇಲೆ ಕೆಂಪು, ಕೊನೆಗೆ ಗೆರೆಗಳು ಮರಳಿದವು. ಕಪ್ಪು ಪಾದದ ಗಟ್ಟಿ ಮಾತ್ರ ಇನ್ನೂ ಪೂರ್ತಿ ಕರಗಿಲ್ಲ. ಒತ್ತಿದರೆ ಕಾಲು ಎಳೆದುಕೊಳ್ಳಲ್ಲ, ಬಿಸಿಯೂ ಇಲ್ಲ, ಹಾಗಾಗಿ ನೋಡುತ್ತಾ ಇರಿ ಅಂದಿದ್ದಾರೆ ಡಾಕ್ಟರ್.

ಕಡ್ಲೆಗೆ ಏನೂ ಇರಲಿಲ್ಲ, ಅದು ಸಣ್ಣದು, 900 ಗ್ರಾಂ. ಮುಂಗಾಲಿನ ಪಕ್ಕದಲ್ಲಿ ಒಣಗಿದ ಚರ್ಮದ ಒಂದು ಕೊಂಬಿನಂಥ ಚೂರು ಬೆಳೆದಿದೆ. ಅತ್ತೆ ಅದನ್ನು ಐದನೇ ಬೆರಳು ಅಂದುಕೊಂಡು ಸಂಭ್ರಮಪಟ್ಟಿದ್ದರು. ಅದು ಬರೀ ಸತ್ತ ಚರ್ಮ, ನೋವಾಗಲ್ಲ, ಎಲ್ಲಾದರೂ ಸಿಕ್ಕಿಕೊಂಡು ಹರಿಯಬಾರದು ಅಂತ ತುದಿ ಕತ್ತರಿಸಿದರಾಯಿತು. ಕತ್ತರಿಸಲು ಅತ್ತೆ ಇನ್ನೂ ಒಪ್ಪಿಲ್ಲ.