ಚಳಿಗಾಲದ ನಗ್ಗರ್: ಬಣ್ಣದ ಪೆಟ್ಟಿಗೆ ಹೊತ್ತು ಹೋಗುವವರಿಗೆ

ಹಿಮದಲ್ಲಿ ಕೂತು ಚಿತ್ರ ಬರೆಯಬೇಕು ಅಂತ ಹಿಮಾಚಲಕ್ಕೆ ಹೊರಟಿದ್ದರೆ ಮನಾಲಿಯಲ್ಲಿ ರೂಮು ಹಿಡಿಯಬೇಡಿ. ಅದಕ್ಕೂ ಸುಮಾರು 20 ಕಿ.ಮೀ. ಮೊದಲೇ ಸಿಗುವ ನಗ್ಗರ್‌ನಲ್ಲಿ ಉಳಿದುಕೊಳ್ಳಿ. ದೆಹಲಿಯಿಂದ ಮನಾಲಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಬಂದು ಪತ್ಲಿಕೂಹಲ್‌ನಲ್ಲಿ ಇಳಿಯಿರಿ. ಬಿಯಾಸ್ ನದಿ ದಾಟಿ, ಟ್ಯಾಕ್ಸಿಯಲ್ಲಿ ಗುಡ್ಡ ಹತ್ತಿದರೆ ಊರು.

ಇಲ್ಲಿ ಜನವರಿಯಲ್ಲೂ ಹಿಮ ಬಂದು ಹೋಗಿ ಮಾಡುತ್ತದೆ. ಎಲ್ಲೆಲ್ಲೂ ಬಿಳಿ ಸಿಗಲಿಲ್ಲ ಅಂತ ಬೇಸರ ಬೇಡ. ಅರ್ಧ ಕರಗಿದ ಹಿಮದಲ್ಲೇ ಬಣ್ಣ ಜಾಸ್ತಿ. ಎಲೆ ಉದುರಿದ ಸೇಬಿನ ತೋಟ ದೂರಕ್ಕೆ ಬರೀ ಬೂದು. ಹತ್ತಿರ ಹೋಗಿ ನೋಡಿ: ಕಾಂಡ ಬೂದು ಹೌದು, ಆದರೆ ಎಳೆ ಕಡ್ಡಿಗಳಲ್ಲಿ ಕೆಂಪು ಕಂದು ಇದೆ, ಮೋಡ ಕವಿದಾಗ ಅದೇ ನೇರಳೆಗೆ ತಿರುಗುತ್ತದೆ. ಬುಡದ ಹಿಮದ ಮೇಲೆ ಬಿದ್ದ ನೆರಳು ನೀಲಿ. ನೆರಳಿಗೆ ನೇರ ಬಿಸಿಲು ತಾಗುವುದಿಲ್ಲ, ಆಕಾಶದ ಬೆಳಕು ಮಾತ್ರ ಸಿಗುತ್ತದೆ, ಅದಕ್ಕೇ. ಬಣ್ಣ ಕಲಸುವಾಗ ಕಪ್ಪು ಕನ್ನಡಕ ತೆಗೆದಿಡಿ, ಇಲ್ಲದಿದ್ದರೆ ಈ ಯಾವುದೂ ಕಾಣುವುದಿಲ್ಲ.

ನಗ್ಗರ್ ಇರುವುದು ನದಿಯ ಪೂರ್ವದ ದಡದಲ್ಲಿ. ಹಾಗಾಗಿ ಬೆಳಿಗ್ಗೆ ಬಿಸಿಲು ಮೊದಲು ಎದುರು ದಡದ ಬೆಟ್ಟಕ್ಕೆ ಬೀಳುತ್ತದೆ, ನೀವಿನ್ನೂ ನೆರಳಲ್ಲಿರುತ್ತೀರಿ. ಚಳಿ ತಡೆದುಕೊಂಡರೆ ಅದೇ ಒಳ್ಳೆಯ ಹೊತ್ತು. ದೂರದ ಶಿಖರದ ಮೇಲಿನ ತಿಳಿ ಗುಲಾಬಿ ನೋಡನೋಡುತ್ತ ಹಳದಿಯಾಗಿ, ಆಮೇಲೆ ಬಿಳಿಯಾಗಿಬಿಡುತ್ತದೆ. ಮಧ್ಯಾಹ್ನ ನಗ್ಗರ್ ಕೋಟೆಯ ಗೋಡೆ ಬರೆಯಿರಿ. ದೇವದಾರು ತೊಲೆ, ಕಲ್ಲು, ಮತ್ತೆ ತೊಲೆ ಅಂತ ಪದರ ಪದರವಾಗಿ ಕಟ್ಟಿದ್ದಾರೆ.

ಬಣ್ಣ ಜಾಸ್ತಿ ಒಯ್ಯಬೇಡಿ. ಅಲ್ಟ್ರಾಮರೀನ್ (ಗಾಢ ನೀಲಿ), ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಒಂದು ತಣ್ಣನೆಯ, ಅಂದರೆ ನೀಲಿ ಛಾಯೆಯ ಕೆಂಪು ಸಾಕು. ಮೊದಲೆರಡನ್ನು ಬೆರೆಸಿದರೆ ಬರುವ ಬೂದುಗಳಲ್ಲೇ ಅರ್ಧ ಕಣಿವೆ ಮುಗಿಯುತ್ತದೆ. ಹಿಮಕ್ಕೆ ಕಾಗದದ ಬಿಳಿಯನ್ನೇ ಉಳಿಸಿ. ಬೆಳಿಗ್ಗೆ ಕುಂಚದ ನೀರು ಹೆಪ್ಪುಗಟ್ಟಬಹುದು, ಸ್ವಲ್ಪ ವೋಡ್ಕಾ ಬೆರೆಸಿದರೆ ತಡವಾಗುತ್ತದೆ. ಚಳಿಗೆ ಜಲವರ್ಣ ಬೇಗ ಒಣಗುವುದಿಲ್ಲ, ಆದ್ದರಿಂದ ಚಿಕ್ಕ ಕಾಗದ ಎರಡು ಮೂರು ಇಟ್ಟುಕೊಂಡು ಒಂದಾದ ಮೇಲೊಂದು ಬರೆಯಿರಿ. ಬೆರಳ ತುದಿ ತೆರೆದಿರುವ ಕೈಗವಸು, ಕೂರಲು ಫೋಮಿನ ತುಂಡು ಮರೆಯಬೇಡಿ.

ಕೈ ಮರಗಟ್ಟಿತೋ, ಒಳಗೆ ಬನ್ನಿ. ಕೋಣೆ ಬೆಚ್ಚಗಿಡುವ ಸೌದೆ ಒಲೆಗೆ ಇಲ್ಲಿ ತಂದೂರ್ ಅನ್ನುತ್ತಾರೆ. ರೂಮು ಗೊತ್ತು ಮಾಡುವಾಗಲೇ ಅದು ಇದೆಯಾ ಅಂತ ಕೇಳಿ. ಗೋಧಿ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಮಾಡುವ ಸಿಡ್ಡುವನ್ನು ತುಪ್ಪ ಹಾಕಿ ಬಿಸಿ ಬಿಸಿ ತಿನ್ನಿ.

ರಷ್ಯಾದ ಚಿತ್ರಕಾರ ನಿಕೊಲಾಯ್ ರೋರಿಕ್ 1928ರ ಕೊನೆಯಿಂದ 1947ರಲ್ಲಿ ತೀರಿಕೊಳ್ಳುವವರೆಗೂ ನೆಲೆಸಿದ್ದು ಇದೇ ಊರಲ್ಲಿ. ಮನೆ ಈಗ ಗ್ಯಾಲರಿಯಾಗಿದೆ. ಸೋಮವಾರ ರಜೆ. ಮೊದಲ ದಿನವೇ ಅಲ್ಲಿಗೆ ಹೋಗಬೇಡಿ ಅನ್ನುವುದು ನನ್ನ ಸಲಹೆ. ಅವರ ಗಾಢ ನೀಲಿ ಒಮ್ಮೆ ಕಣ್ಣಿಗೆ ಹತ್ತಿದರೆ ಎದುರಿಗಿರುವ ಮಾಸಲು ಬಣ್ಣ ಕಾಣುವುದು ಕಷ್ಟ. ನಿಮ್ಮ ಕಣ್ಣಿಂದ ಕಣಿವೆ ನೋಡಿದ ಮೇಲೆ ಹೋಗಿ. ಅವರ ಮಗ ಸ್ವೆತೊಸ್ಲಾವ್ ಬೆಂಗಳೂರಿನ ತಾತಗುಣಿಯಲ್ಲಿ ಬಾಳಿದವರು. ಇಬ್ಬರ ಚಿತ್ರಗಳೂ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿವೆ, ವಾಪಸ್ ಬಂದಮೇಲೆ ನೋಡಬಹುದು.

ಹಿಮ ಬಿದ್ದಾಗ ರಸ್ತೆ ಬಂದ್ ಆಗುವುದುಂಟು. ದೆಹಲಿಯಿಂದ ಹಿಂದಿರುಗುವ ಟಿಕೆಟ್‌ಗೂ ನಗ್ಗರ್ ಬಿಡುವ ದಿನಕ್ಕೂ ನಡುವೆ ಎರಡು ದಿನ ಬಿಡುವು ಇಟ್ಟುಕೊಳ್ಳಿ.